ಬಟ್ಟಲಿನ ಒಳಮೈಗೆ ಬಣ್ಣ ಬೇಡ

ಮೈಸೂರು

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಕ್ಷೇಮ. ಮಿಕ್ಕ ಸಮಾಚಾರವನ್ನು ನಿನ್ನ ದೊಡ್ಡಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ಮದ್ದೂರಿನ ಮನೆಯ ಕೊಟ್ಟಿಗೆಯಲ್ಲಿ ಮರ ಕಡೆಯುವ ಲೇತ್ ಕೂರಿಸಿದ್ದು, ನೀನು ಕಡೆದ ಮರದ ಬಟ್ಟಲುಗಳು ಮಾರಾಟವಾಗುತ್ತಿರುವುದು, ಎಲ್ಲವನ್ನೂ ಸಂತೋಷದಿಂದ ಓದಿದೆ. ಆದರೆ ಪತ್ರದ ಕೊನೆಯಲ್ಲಿ, ಸಹಿ ಮಾಡಿದ ಮೇಲೆ ನೆನಪಾಯಿತೇನೋ ಎಂಬಂತೆ ನೀನು ಅಂಚಿನಲ್ಲಿ ಬರೆದ ಒಂದು ಮಾತು ನನ್ನ ನಿದ್ದೆ ಕೆಡಿಸಿತು: "ನಾನು ಬಣ್ಣ ಹಾಕಿ ಮಾರಿದ ಬಟ್ಟಲಿನಲ್ಲಿ ಯಾರಾದರೂ ಮಗುವಿಗೆ ಅನ್ನ ಕಲಸುತ್ತಿದ್ದರೆ ಏನು ಗತಿ, ದೊಡ್ಡಪ್ಪ?"

ಹಾಗೇನೂ ಆಗುವುದಿಲ್ಲ ಬಿಡು ಎಂದು ಬರೆದು ನಿನ್ನನ್ನು ಸಮಾಧಾನಪಡಿಸಬಹುದಿತ್ತು. ನಾನು ಹಾಗೆ ಬರೆಯಲಾರೆ, ಏಕೆಂದರೆ ನಿನಗೆ ಈಗ ಬಂದಿರುವ ಈ ಹೆದರಿಕೆ ನನಗೆ ಬರಬೇಕಾದ ಕಾಲದಲ್ಲಿ ಬರಲೇ ಇಲ್ಲ. ರೇಷ್ಮೆಗೆ ಬಣ್ಣ ಹಾಕುವ ಕೆಲಸದಲ್ಲಿ ನನ್ನ ಆಯುಷ್ಯ ಕಳೆಯಿತೆಂಬುದು ನಿನಗೆ ಗೊತ್ತು. ನೂಲಿನ ಲಡಿಗಳನ್ನು ಕುದಿಯುವ ತೊಟ್ಟಿಯಲ್ಲಿ ತಿರುವಿ ತಿರುವಿ ಉಗುರಿನ ಸಂದಿಗಳಲ್ಲಿ ನೇರಳೆಯೋ ಹಸಿರೋ ಕೂತುಬಿಡುತ್ತಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ, ನಿಂಬೆಹೋಳಿನಿಂದ ಉಜ್ಜಿದರೂ ಅದು ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ಮನೆಗೆ ಬಂದು ನಿನ್ನ ಅಣ್ಣನಿಗೆ ಮೊಸರನ್ನ ಕಲಸಿ ತಿನ್ನಿಸುತ್ತಿದ್ದೆ. ಬಣ್ಣದ ಕೈ ಬೇಡವೆಂದು ನಿನ್ನ ದೊಡ್ಡಮ್ಮ ಗೊಣಗಿದರೆ, ತೊಳೆದಾಗಿದೆಯಲ್ಲ ಎನ್ನುತ್ತಿದ್ದೆ. ಅವನಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಆಗದೆ ಹೋದದ್ದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ.

ದೇಹದೊಳಗೆ ಹೋದಾಗ ಕ್ಯಾನ್ಸರ್ ತರಬಲ್ಲ ಅಮೀನುಗಳೆಂಬ ರಾಸಾಯನಿಕಗಳಾಗಿ ಒಡೆಯುವ, ಅಜೋ ಎಂಬ ಜಾತಿಯ ಕೆಲವು ಕೃತಕ ಬಣ್ಣಗಳನ್ನು ಜರ್ಮನಿ 1994ರಲ್ಲಿ ನಿಷೇಧಿಸಿತು. 1997ರಲ್ಲಿ ನಮ್ಮ ಕೇಂದ್ರ ಸರ್ಕಾರವೂ 70 ಅಜೋ ಬಣ್ಣಗಳ ಬಳಕೆಯನ್ನು ನಿಲ್ಲಿಸಿತು. ಆ ಮೇಲೆಯೇ ನಾವು ಡಬ್ಬಿಯ ಮೇಲಿನ ಚೀಟಿಯನ್ನು ಓದಲು ಕಲಿತದ್ದು. ಅಲ್ಲಿಯವರೆಗೆ ನಮಗೆ ಕೆಂಪು ಎಂದರೆ ಕೆಂಪು, ಅಷ್ಟೆ. ಇದೆಲ್ಲ ಹಳೆಯ ಕಾಲದ ಕತೆಯೆಂದು ತಿಳಿಯಬೇಡ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿಯೇ ಬಾಂಬೆ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಹಾಕಬಾರದೆಂದು ಆದೇಶವಾಯಿತಲ್ಲ, ಆಗ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ರೊಡಮೈನ್-ಬಿ ಎಂಬುದು ಬಟ್ಟೆಗೆ ಹಾಕುವ ಗುಲಾಬಿ ಬಣ್ಣ. ನಿನ್ನ ಪತ್ರದಲ್ಲಿ "ಕಣ್ಣು ಕುಕ್ಕುವ ಗುಲಾಬಿ, ಗಿರಾಕಿಗಳಿಗೆ ತುಂಬಾ ಇಷ್ಟ" ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ. ನಿನ್ನದೂ ಅದೇ ಎಂದು ನಾನು ಹೇಳುತ್ತಿಲ್ಲ, ಆದರೆ ಅದಲ್ಲವೆಂದು ನಿನಗೆ ಖಾತ್ರಿಯಾಗಿ ಗೊತ್ತೇ?

ನನ್ನ ಅನುಭವ ರೇಷ್ಮೆಯದು, ನಿನ್ನ ಕೆಲಸ ಮರದ್ದು. ಹಾಗಾಗಿ ಹೇಳಲು ಸಂಕೋಚವಾಗುತ್ತದೆ. ಆದರೂ ಒಂದು ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು. ನಾವು ಬಳಸುತ್ತಿದ್ದ ಆಸಿಡ್ ಬಣ್ಣಗಳು ಬಿಸಿ ಮತ್ತು ಹುಳಿಯ ನೆರವಿನಿಂದ ರೇಷ್ಮೆಯ ಎಳೆಯನ್ನೇ ಹಿಡಿದುಕೊಳ್ಳುತ್ತವೆ, ಏಕೆಂದರೆ ರೇಷ್ಮೆ ಪ್ರಾಣಿಜನ್ಯವಾದದ್ದು, ಅದರಲ್ಲಿ ಪ್ರೋಟೀನ್ ಇದೆ. ಮರದಲ್ಲಿ ಅಂಥ ಹಿಡಿತವಿಲ್ಲ. ನೀರಿನಲ್ಲಿ ಕರಗಿಸಿ ಹಚ್ಚಿದ ಬಣ್ಣ ಮರದೊಳಗೆ ಸುಮ್ಮನೆ ಹೋಗಿ ಕೂತಿರುತ್ತದೆ, ಮತ್ತೆ ನೀರು ಸಿಕ್ಕಿದರೆ ಎದ್ದು ಬರುತ್ತದೆ. ಮೇಲೆ ನೀನು ಕೊಡುವ ಪಾಲಿಷ್ ಒಂದೇ ಅದಕ್ಕೆ ಬಾಗಿಲು. ಸೌಟು ತಾಗಿ ತಾಗಿ, ಪಾತ್ರೆ ತಿಕ್ಕುವ ನಾರು ಉಜ್ಜಿ ಉಜ್ಜಿ ಪಾಲಿಷ್ ಸವೆದ ದಿನ ಬಿಸಿ ಸಾರು ನೇರವಾಗಿ ಬಣ್ಣವನ್ನು ಮುಟ್ಟುತ್ತದೆ. ಅರಗಿನ ಪಾಲಿಷ್ ನಿರಪಾಯ ಎಂದು ನೀನು ಬರೆದದ್ದು ಸರಿ, ಶುದ್ಧ ಅರಗನ್ನು ಮಾತ್ರೆಗಳಿಗೂ ಮಿಠಾಯಿಗಳಿಗೂ ಲೇಪಿಸುತ್ತಾರೆ. ಆದರೆ ಅದು ಬಿಸಿಗೆ ಮೆತ್ತಗಾಗುತ್ತದೆ, ಸ್ಪಿರಿಟ್‌ಗೆ ಕರಗುತ್ತದೆ. ಸ್ಪಿರಿಟ್‌ನಲ್ಲಿ ಕರಗಿಸಿದ ಬಣ್ಣದ ಮೇಲೆ ಸ್ಪಿರಿಟ್ ಪಾಲಿಷನ್ನೇ ಬ್ರಷ್‌ನಲ್ಲಿ ಎಳೆದರೆ ಬಣ್ಣ ಪಾಲಿಷಿನೊಳಕ್ಕೇ ಬೆರೆತುಬಿಡುತ್ತದೆ, ಅದು ನಿನಗೆ ಗೊತ್ತಿರಬಹುದು.

ಅರಗು ಎಂದಾಗ ಚನ್ನಪಟ್ಟಣದ ನನ್ನ ಸೋದರಮಾವ ನೆನಪಾಗುತ್ತಾರೆ. ಆಲೆಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗ ಅವರು ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಿದ್ದರು. ಉಜ್ಜಿದ ಕಾವಿಗೇ ಅರಗು ಕರಗಿ ಮರದ ಸುತ್ತ ಉಂಗುರದಂತೆ ಹರಡುತ್ತಿತ್ತು. ಆ ಮೇಲೆ ತಾಳೆಗರಿ ಒತ್ತಿ ಮಿರುಗು ತರುತ್ತಿದ್ದರು. ಜೊತೆಗೆ ಬಂದು ಕಲಿ ಎಂದು ಅವರು ಕರೆದಾಗ ನಾನು ಸಂಬಳದ ಕೆಲಸವೇ ಸರಿಯೆಂದು ಮೈಸೂರಿಗೆ ಬಂದೆ. ಅದಕ್ಕಿಂತ ಹೆಚ್ಚಾಗಿ ಈಗ ಕೊರೆಯುವುದು ಬೇರೆ: ಅವರು ಹಳದಿಗೆ ಏನು ಬೆರೆಸುತ್ತಿದ್ದರು, ಅರಿಶಿನವೋ ಸೀಸವಿರುವ ಕ್ರೋಮ್ ಹಳದಿಯೋ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಅವರು ಕಡೆದ ಗಿಲಕಿಗಳನ್ನು ನಮ್ಮ ಮನೆಯ ಮಕ್ಕಳೆಲ್ಲ ಬಾಯಲ್ಲಿಟ್ಟು ಚೀಪಿ ಬೆಳೆದವರು. ಕೇಳಲು ಈಗ ಅವರಿಲ್ಲ.

ಮತ್ತೆ ನಿನ್ನ ಪ್ರಶ್ನೆಗೇ ಬರುತ್ತೇನೆ. ಒಳಮೈಗೆ ಬಣ್ಣ ಹಾಕಬೇಡ. ಹೊರಗೆ ಮಾತ್ರ ಹಾಕಿದರೂ ಪೂರ್ತಿ ನಿಶ್ಚಿಂತೆಯಿಲ್ಲ. ಬಟ್ಟಲಿನ ಸುತ್ತ ಎರಡು ಕಡೆ ಮರದ ಎಳೆಗಳು ಅಡ್ಡ ಕತ್ತರಿಸಿಕೊಂಡು ಬಾಯಿ ತೆರೆದಿರುತ್ತವೆ. ಬತ್ತಿ ಎಣ್ಣೆಯನ್ನು ಹೀರುವ ಹಾಗೆ ಅಲ್ಲಿ ಬಣ್ಣ ಇಳಿಯುತ್ತದೆ, ಗೋಡೆ ತೆಳುವಾಗಿದ್ದರೆ ಒಳಗೂ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಹೊರಮೈಯನ್ನು ಕಡೆದು, ಬಣ್ಣ ಹಾಕಿ, ಪಾಲಿಷ್ ಕೊಟ್ಟು, ಪೂರ್ತಿ ಒಣಗಿಸಿದ ನಂತರ ಒಳಗನ್ನು ತೋಡಿದರೆ, ಇಳಿದ ಬಣ್ಣ ಹೊಟ್ಟಿನ ಜೊತೆಗೇ ಹೊರಬೀಳುತ್ತದಲ್ಲವೇ? ಲೇತ್ ಹಿಡಿಯುವವಳು ನೀನು, ಸಾಧ್ಯವೋ ಇಲ್ಲವೋ ನೀನೇ ನೋಡು. ಪ್ರತಿ ಬಗೆಯಲ್ಲೊಂದನ್ನು ಇಟ್ಟುಕೊಂಡು, ಬಿಳಿ ಬಟ್ಟೆಯನ್ನು ಬೆಚ್ಚಗಿನ ಹುಣಿಸೆನೀರಿನಲ್ಲಿ ಒಮ್ಮೆ, ಎಣ್ಣೆಯಲ್ಲಿ ಒಮ್ಮೆ ಅದ್ದಿ ಉಜ್ಜಿ ನೋಡು. ಬಟ್ಟೆಗೆ ಬಣ್ಣ ಹತ್ತಿದರೆ ಅದು ಊಟದ ಬಟ್ಟಲಲ್ಲ. ಹತ್ತದಿದ್ದರೂ ನಿರಪಾಯವೆಂದು ಅದರಿಂದ ಸಾಬೀತಾಗುವುದಿಲ್ಲ, ಹಾಗಾಗಿ ಈಗಾಗಲೇ ಒಳಗೂ ಬಣ್ಣ ಹಾಕಿ ಮಾರಿದ ಬಟ್ಟಲುಗಳ ಗಿರಾಕಿಗಳಿಗೆ ಫೋನ್ ಮಾಡಿ, ಬೀಗದಕೈಯೋ ಹೂವೋ ಇಡಿ, ಊಟಕ್ಕೆ ಬಳಸಬೇಡಿ ಎಂದು ಹೇಳಿಬಿಡು. ನಾಚಿಕೆಯಾಗಬಹುದು. ಆದರೂ ಹೇಳು.

ಗಿಡಮೂಲದ ಬಣ್ಣಗಳಿಗೆ ಬದಲಾಯಿಸುತ್ತೇನೆ ಎಂದಿದ್ದೀಯೆ. ಮಾಡಬಹುದು, ಆದರೆ ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ, ಮತ್ತು ಗಿಡದ ಬಣ್ಣ ಕಚ್ಚಿಕೊಳ್ಳಲೆಂದು ಕೆಲವರು ಮೈಲುತುತ್ತ ಬೆರೆಸುತ್ತಾರೆ. ಅದು ವಿಷ.

ಇನ್ನೊಂದು ಮಾತು. ಯಾರದೋ ಮಗುವಿನ ಬಗ್ಗೆ ಇಷ್ಟು ಹೆದರಿದ ನೀನು ನಿನ್ನ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಬಟ್ಟಲಿನಲ್ಲಿ ಉಣ್ಣುವವರಿಗೆ ಸೇರಬಹುದಾದದ್ದು ಒಂದು ಚಿಟಿಕೆಗೂ ಕಡಿಮೆ. ಡಬ್ಬಿ ತೆರೆದು ಪುಡಿಯನ್ನು ಕಲಸುವವಳು, ಬಣ್ಣ ಹಾಕಿದ ಮರವನ್ನು ಉಪ್ಪುಕಾಗದದಲ್ಲಿ ಉಜ್ಜಿ ಆ ಧೂಳಿನಲ್ಲಿ ನಿಲ್ಲುವವಳು ನೀನು. ಕೈಗವಸು, ಮೂಗಿಗೆ ಒಳ್ಳೆಯ ಮಾಸ್ಕ್ ಇಲ್ಲದೆ ಡಬ್ಬಿ ಮುಟ್ಟಬೇಡ, ಅಡುಗೆಮನೆಯ ಪಾತ್ರೆಯಲ್ಲಿ ಬಣ್ಣ ಕಲಸಬೇಡ. ನಮ್ಮ ಬಣ್ಣದ ಮನೆಯಲ್ಲಿ ಇದನ್ನು ನಮಗೆ ಹೇಳಿದವರಿರಲಿಲ್ಲ.

ಆ ಗುಲಾಬಿ ಪುಡಿಯ ಡಬ್ಬಿಯ ಮೇಲಿನ ಚೀಟಿಯನ್ನು ಅಕ್ಷರ ಬಿಡದೆ ನಕಲು ಮಾಡಿ ಕಳುಹಿಸು. ಬಣ್ಣದ ಹೆಸರಿನ ಪಕ್ಕದಲ್ಲಿ ಅಂಕಿಗಳಿದ್ದರೆ ಅವನ್ನೂ ಬರೆ. ಚೀಟಿಯೇ ಇಲ್ಲದ ಪೊಟ್ಟಣವಾದರೆ ನನಗೆ ಬರೆಯುವ ಶ್ರಮವೂ ಬೇಡ, ಅದನ್ನು ಬಳಸಬೇಡ.

ಇಂತಿ ನಿನ್ನ
ದೊಡ್ಡಪ್ಪ