ಮೂಕಿ ಸಿನಿಮಾ ಅಡಿ ಲೆಕ್ಕದ್ದು, ನಿಮಿಷದ್ದಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ 1913ರ ಮೂಕಿ ಚಿತ್ರ ‘ರಾಜಾ ಹರಿಶ್ಚಂದ್ರ’ದ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿದೆ. ಆದರೆ ಎರಡು ಸಾಲು ನನ್ನಂಥ ಹಳೇ ಸಿನಿಮಾ ಆಪರೇಟರ್‌ಗೆ ಚುಚ್ಚಿದವು. ಒಂದು, ಅದು ‘40 ನಿಮಿಷದ ಚಿತ್ರ’ ಅನ್ನೋದು. ಇನ್ನೊಂದು, ಆಗಿನ ಸಿನಿಮಾದಲ್ಲಿ ಜನ ಓಡಿದ ಹಾಗೆ ನಡೆಯುತ್ತಾರೆ, ನೋಡಿದರೆ ನಗು ಬರುತ್ತದೆ ಅನ್ನೋದು. ಎರಡಕ್ಕೂ ಮೂಲ ಒಂದೇ.

ದಾವಣಗೆರೆಯ ಟಾಕೀಸೊಂದರ ಪ್ರೊಜೆಕ್ಟರ್ ಕ್ಯಾಬಿನ್‌ನಲ್ಲೇ ನನ್ನ ದುಡಿಮೆಯ ಕಾಲ ಕಳೆಯಿತು. ಆಗ ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡುತ್ತಿದ್ದೆವು. ಮಿಲ್ ಪಾಳಿ ಬಿಟ್ಟ ಮೇಲೆ ಸೆಕೆಂಡ್ ಶೋಗೆ ಜನ ನುಗ್ಗುತ್ತಿದ್ದರು. ನಮಗೆ ಸಿನಿಮಾ ಅಂದರೆ ಅಡಿ ಲೆಕ್ಕ. 35 ಎಂ.ಎಂ. ಫಿಲ್ಮಿನ ಒಂದು ಅಡಿಗೆ 16 ಬಿಡಿ ಚಿತ್ರ, ಅಂದರೆ ಫ್ರೇಮು. ಪ್ರತಿ ಫ್ರೇಮಿನ ಎಡಬಲಕ್ಕೆ, ಮಷೀನಿನ ಹಲ್ಲು ಕಚ್ಚಿಕೊಳ್ಳಲು, ನಾಲ್ಕು ನಾಲ್ಕು ತೂತು. ರೀಲು ತುಂಡಾದರೆ ಬ್ಲೇಡಿನಿಂದ ತುದಿ ಕೆರೆದು, ಫಿಲ್ಮ್ ಸಿಮೆಂಟ್ ಅನ್ನೋ ಅಂಟು ಹಚ್ಚಿ, ತೂತಿಗೆ ತೂತು ಕೂಡಿಸಿ ಒತ್ತಿ ಹಿಡಿಯಬೇಕು. ಲೆಕ್ಕ ತಪ್ಪಿತೋ, ಪರದೆ ಮೇಲೆ ನಾಯಕನ ಕಾಲು ಮೇಲೆ, ತಲೆ ಕೆಳಗೆ. ಆಮೇಲೆ ಗಾಂಧಿ ಕ್ಲಾಸಿನಿಂದ ಬರುವ ಶಿಳ್ಳೆ, ಬೈಗುಳ ಕೇಳಬಾರದು.

ಈಗ ಲೆಕ್ಕ ನೋಡಿ. ಇದನ್ನು ತೆಗೆದ ದಾದಾಸಾಹೇಬ್ ಫಾಲ್ಕೆಯವರ ಚಿತ್ರ ನಾಲ್ಕು ರೀಲು, 3,700 ಅಡಿ. ಅಂದರೆ 59 ಸಾವಿರ ಫ್ರೇಮು ಚಿಲ್ಲರೆ. ಟಾಕಿ ಬಂದ ಮೇಲೆ ಸೆಕೆಂಡಿಗೆ 24 ಫ್ರೇಮು ಅಂತ ಗಟ್ಟಿಯಾಯಿತು. ಆ ವೇಗದಲ್ಲಿ ಓಡಿಸಿದರೆ 41 ನಿಮಿಷ. ನಿಮ್ಮ 40 ನಿಮಿಷ ಇಲ್ಲಿಂದಲೇ ಬಂದಿರಬೇಕು. ಆದರೆ 1913ರಲ್ಲಿ ಕ್ಯಾಮೆರಾದ ಹಿಡಿಕೆಯನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ ಹದಿನಾರೋ ಹದಿನೆಂಟೋ, ಆ ಕೈ ಹೇಗೆ ಓಡಿತೋ ಹಾಗೆ. ಹದಿನಾರು ಅಂತ ಹಿಡಿದರೆ ಅದೇ ಚಿತ್ರ ಒಂದು ಗಂಟೆ ದಾಟುತ್ತದೆ. ಹದಿನಾರರಲ್ಲಿ ತೆಗೆದದ್ದನ್ನು ಇಪ್ಪತ್ನಾಲ್ಕರಲ್ಲಿ ಓಡಿಸಿದರೆ ಮನುಷ್ಯ ಓಡದೆ ಇನ್ನೇನು ಮಾಡುತ್ತಾನೆ, ಅಲ್ವಾ?

ಫಾಲ್ಕೆಯವರೂ ನಿಮಿಷ ಹೇಳಿ ಟಿಕೆಟ್ ಮಾರಲಿಲ್ಲ. ಮುಂಬೈಯ ಚಿತ್ರಮಂದಿರ ಕಾರೊನೇಷನ್‌ನಲ್ಲಿ ಮೇ 3ರಂದು ಶುರುವಾದ ಆಟ ಚೆನ್ನಾಗಿ ನಡೆಯಿತು. ಸೂರತ್‌ನಲ್ಲಿ ಮಾತ್ರ ಮೊದಲ ದಿನದ ಕಲೆಕ್ಷನ್ ಬರೀ 3 ರೂಪಾಯಿ. ಆಗ ಅವರು ಮಾಡಿದ ಪ್ರಚಾರ ಏನು ಗೊತ್ತಾ? 57,000 ಫೋಟೋಗಳ ಆಟ, ಎರಡು ಮೈಲಿ ಉದ್ದದ ಚಿತ್ರ, ಎಲ್ಲಾ ಸೇರಿ ಮೂರೇ ಆಣೆ! 57 ಸಾವಿರ ನಮ್ಮ ಲೆಕ್ಕಕ್ಕೆ ಹತ್ತಿರವೇ ಇದೆ. ಎರಡು ಮೈಲಿ ಮಾತ್ರ ಬಿಡ್ರಿ, ಶುದ್ಧ ಬುರುಡೆ. 3,700 ಅಡಿ ಮುಕ್ಕಾಲು ಮೈಲಿಯೂ ಆಗುವುದಿಲ್ಲ. ಸಿನಿಮಾದವರ ಪ್ರಚಾರ ಅಂದಿನಿಂದಲೂ ಹೀಗೇ.

ಹರಿಶ್ಚಂದ್ರನ ಹೆಂಡತಿ ತಾರಾಮತಿಯ ಪಾತ್ರ ಮಾಡಿದ ಸಾಳುಂಕೆ ಹೋಟೆಲಿನಲ್ಲಿ ಅಡುಗೆ ಕೆಲಸದಲ್ಲಿದ್ದವರು ಅಂತ ಅರ್ಧ ಕಾಲಂ ಬರೆದಿದ್ದೀರಿ. ಕಂಪನಿ ನಾಟಕ ನೋಡಿ ಬೆಳೆದ ನಮ್ಮ ಕಡೆಯವರಿಗೆ ಗಂಡಸು ಸೀರೆ ಉಡುವುದು ದೊಡ್ಡ ಸುದ್ದಿ ಅಲ್ಲ. ಫಾಲ್ಕೆಯವರ ಪತ್ನಿ ಸರಸ್ವತಿಬಾಯಿಗೆ ಮಾತ್ರ ಒಂದೇ ಸಾಲು, ಅದೂ ಎಲ್ಲರಿಗೂ ಅಡುಗೆ ಮಾಡಿ ಬಡಿಸಿದರು ಅಂತ. ಫಾಲ್ಕೆಯವರು ತರಿಸುತ್ತಿದ್ದ ಕಚ್ಚಾ ಫಿಲ್ಮಿಗೆ ತೂತೇ ಇರುತ್ತಿರಲಿಲ್ಲ. ಕತ್ತಲಲ್ಲಿ ಕೂತು ಅದಕ್ಕೆ ತೂತು ಹಾಕುವ ಕೆಲಸ ಮಾಡಿದ್ದು ಆ ತಾಯಿ. ಒಂದು ಅಡಿ ಫಿಲ್ಮಿನ ಒಂದು ಅಂಚಿಗೆ 64 ತೂತು, ಎರಡೂ ಕಡೆ ಸೇರಿ 128. 3,700 ಅಡಿಗೆ ನಾಲ್ಕೂ ಮುಕ್ಕಾಲು ಲಕ್ಷದ ಹತ್ತಿರ. ಮಷೀನು ಇತ್ತು, ನಿಜ. ಆದರೆ ಕತ್ತಲಲ್ಲಿ ಫಿಲ್ಮು ಸುಕ್ಕಾಗದ ಹಾಗೆ ಅದಕ್ಕೆ ಕೊಡುವ ಕೈ ಬೇಕಲ್ಲ. ಕ್ಯಾಬಿನ್‌ನಲ್ಲಿ ಕೆಲಸ ಮಾಡಿದವರಿಗೆ ಅದರ ಕಷ್ಟ ಗೊತ್ತು.

ಇನ್ನು ಮುಂದೆ ಮೂಕಿ ಚಿತ್ರಗಳ ಬಗ್ಗೆ ಬರೆಯುವಾಗ ಅಡಿ ಎಷ್ಟು ಅಂತ ಹಾಕಿ. ನಿಮಿಷ ಹಾಕಲೇಬೇಕಾದರೆ ಯಾವ ವೇಗಕ್ಕೆ ಅಂತಲೂ ಹೇಳಿ. ಮೊಬೈಲ್‌ನಲ್ಲಿ ನೋಡುವ ಓದುಗರು ಯೂಟ್ಯೂಬಿನ ಸೆಟ್ಟಿಂಗ್ಸ್‌ಗೆ ಹೋಗಿ ವೇಗವನ್ನು 0.75ಕ್ಕೆ ಇಟ್ಟು ನೋಡಲಿ. ಇಪ್ಪತ್ನಾಲ್ಕು ಹದಿನೆಂಟಕ್ಕೆ ಇಳಿಯುತ್ತದೆ, ನಡಿಗೆ ನಡಿಗೆಯಾಗಿ ಕಾಣುತ್ತದೆ. ಕೆಲವರು ಆಗಲೇ ವೇಗ ಸರಿಮಾಡಿ ಹಾಕಿರುತ್ತಾರೆ. ಅಂಥದ್ದಕ್ಕೆ ಕೈ ಹಾಕಬೇಡಿ, ಹರಿಶ್ಚಂದ್ರ ಕುಡಿದವನ ಹಾಗೆ ತೂರಾಡುತ್ತಾನೆ.

– ನಿವೃತ್ತ ಸಿನಿಮಾ ಆಪರೇಟರ್, ದಾವಣಗೆರೆ