ಗಾರೆ ಮೆತ್ತುವ ಮೊದಲೇ ಸ್ಪೀಕರ್ ತಂತಿಯ ಯೋಚನೆ ಆಗಲಿ

ಮಾನ್ಯ ಸಂಪಾದಕರೇ,

ಹೊಸ ಮನೆ ಕಟ್ಟುವವರಿಗಾಗಿ ಪತ್ರಿಕೆಗಳಲ್ಲಿ ಟೈಲ್ಸ್, ಬಣ್ಣ, ದೀಪಗಳ ಬಗ್ಗೆ ಸಾಕಷ್ಟು ಬರಹಗಳು ಬರುತ್ತವೆ. ಆದರೆ ಮನೆಯ ಎಲ್ಲ ಕೋಣೆಗಳಿಗೂ ಸಂಗೀತ, ವಿಡಿಯೊ ತಲುಪಿಸುವ ವ್ಯವಸ್ಥೆಯ ವಿಷಯ ಬಂದರೆ ಮಾತು ಯಾವ ಟಿವಿ, ಯಾವ ಸ್ಪೀಕರ್ ಎನ್ನುವಲ್ಲಿಗೇ ನಿಂತುಬಿಡುತ್ತದೆ. ಟಿವಿ ಹಳೆಯದಾದರೆ ಬದಲಿಸಬಹುದು. ತಂತಿ ಸಾಗುವ ಗೋಡೆಯೊಳಗಿನ ಪೈಪನ್ನು ಬದಲಿಸಬೇಕೆಂದರೆ ಗೋಡೆ ಒಡೆಯಬೇಕು. ಹಾಗಾಗಿ ಈ ಕೆಲಸದ ಮುಖ್ಯ ತೀರ್ಮಾನಗಳೆಲ್ಲ ಗಾರೆ ಮೆತ್ತುವ ಮೊದಲೇ ಆಗಬೇಕು. ಮನೆ ಕಟ್ಟಿಸುವ ಬಹುತೇಕರಿಗೆ ಇದನ್ನು ಹೇಳುವವರೇ ಇರುವುದಿಲ್ಲ ಎಂಬ ಕಳವಳದಿಂದ ಈ ಪತ್ರ.

ಮೊದಲು ಮನೆಯ ನಡುಭಾಗದಲ್ಲಿ, ಗಾಳಿಯಾಡುವ ಒಂದು ಜಾಗ ಗುರುತಿಸಿ. ಸ್ಪೀಕರುಗಳಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್, ನೆಟ್‌ವರ್ಕ್ ತಂತಿಗಳನ್ನು ಕೂಡಿಸುವ ನೆಟ್‌ವರ್ಕ್ ಸ್ವಿಚ್, ರೂಟರ್, ಸೆಟ್‌ಟಾಪ್ ಬಾಕ್ಸ್ (ಮುಂದೆ ಪೆಟ್ಟಿಗೆ ಎಂದಿರುವುದು ಇದನ್ನೇ) ಎಲ್ಲವೂ ಅಲ್ಲೇ, ರ‍್ಯಾಕ್ ಎಂಬ ಚೌಕಟ್ಟಿನಲ್ಲಿ ಇರಲಿ. ಪ್ರತಿ ಕೋಣೆಯ ಪ್ರತಿ ಪಾಯಿಂಟಿನಿಂದಲೂ ತಂತಿ ನೇರವಾಗಿ ಆ ಜಾಗಕ್ಕೇ ಬರಬೇಕು. ದೀಪದ ವೈರಿಂಗ್‌ನಲ್ಲಿ ಮಾಡುವ ಹಾಗೆ ಒಂದು ಪಾಯಿಂಟಿನಿಂದ ಇನ್ನೊಂದಕ್ಕೆ ಲೂಪ್ ಹೊಡೆದರೆ ಮುಂದೆ ಒಂದು ಕೋಣೆಗೆ ಒಂದು ಹಾಡು, ಇನ್ನೊಂದಕ್ಕೆ ಬೇರೆ ಹಾಡು ಕಳಿಸಲು ಆಗುವುದೇ ಇಲ್ಲ. ಗೋಡೆಯೊಳಗೆ ಎಲ್ಲೂ ಜಾಯಿಂಟ್ ಇರಕೂಡದು. ಮೆಟ್ಟಿಲ ಕೆಳಗಿನ ಮುಚ್ಚಿದ ಕಪಾಟನ್ನು ಈ ಉಪಕರಣಗಳಿಗೆ ಕೊಡುವುದಾದರೆ ಕೆಳಗಿನಿಂದ ಗಾಳಿ ಒಳಬಂದು ಮೇಲಿನಿಂದ ಹೊರಹೋಗುವ ಕಂಡಿ, ಮೇಲಿನ ಕಂಡಿಗೊಂದು ಸದ್ದಿಲ್ಲದ ಫ್ಯಾನ್ ಬೇಕೇ ಬೇಕು. ಆಂಪ್ಲಿಫೈಯರ್ ಮೇಲೆ ಕಡಿಮೆಯೆಂದರೂ ಎಂಟು ಸೆಂ.ಮೀ. ಜಾಗ ಖಾಲಿ ಬಿಡಿ.

ಇನ್ನು ಪೈಪಿನ ಅಳತೆ. ಪೈಪಿನ ಒಳಜಾಗದಲ್ಲಿ ಶೇ 40ಕ್ಕಿಂತ ಹೆಚ್ಚು ತಂತಿ ತುಂಬಬಾರದು. ಆ ಲೆಕ್ಕದಲ್ಲಿ 25 ಮಿ.ಮೀ. ಪೈಪಿನಲ್ಲಿ ನಾಲ್ಕು ಕ್ಯಾಟ್ 6 ನೆಟ್‌ವರ್ಕ್ ತಂತಿ, ಅದಕ್ಕಿಂತ ದಪ್ಪನೆಯ ಕ್ಯಾಟ್ 6ಎ ಆದರೆ ಮೂರೇ. ಆದರೆ ಟಿವಿಯ ಹಿಂದಿನಿಂದ ಬರುವ ಪೈಪು 25 ಮಿ.ಮೀ. ಇದ್ದರೆ ಸಾಲದು. ಟಿವಿಗೆ ಚಿತ್ರ, ಸದ್ದು ಒಯ್ಯುವ ಎಚ್‌ಡಿಎಂಐ ತಂತಿಯ ತುದಿಯ ಪಿನ್ನು ಸುಮಾರು ಎರಡು ಸೆಂ.ಮೀ. ಅಗಲವಿದ್ದು, ನೇರ ಪೈಪಿನಲ್ಲಿ ತೂರಿದರೂ ಮೊದಲ ತಿರುವಿನಲ್ಲೇ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ 40 ಅಥವಾ 50 ಮಿ.ಮೀ. ಪೈಪು ಹಾಕಿ. ತಿರುವುಗಳಲ್ಲಿ ಥಟ್ಟನೆ ತಿರುಗುವ ಎಲ್ಬೋ ಬೇಡ, ಉದ್ದನೆಯ ಬೆಂಡ್ ಇರಲಿ. ಒಳಗೊಂದು ನೈಲಾನ್ ದಾರ ಬಿಟ್ಟಿರಿ. ಹತ್ತು ವರ್ಷದ ನಂತರ ಯಾವ ತಂತಿ ಬೇಕಾಗುತ್ತದೆಂದು ಇಂದು ಯಾರೂ ಹೇಳಲಾರರು. ದಾರವಿದ್ದರೆ ಅದನ್ನು ಎಳೆದುಕೊಳ್ಳಬಹುದು.

ಕರೆಂಟಿನ ತಂತಿ ಮತ್ತು ಸಿಗ್ನಲ್ ತಂತಿಯನ್ನು ಒಂದೇ ಪೈಪಿನಲ್ಲಿ ಹಾಕುವುದು ಅಪಾಯಕರ, ಸದ್ದಿಗೂ ಕೆಡುಕು. ಎರಡೂ ಅಕ್ಕಪಕ್ಕದಲ್ಲಿ ಸಾಗುವುದಾದರೆ ನಡುವೆ 30 ಸೆಂ.ಮೀ. ಅಂತರವಿರಲಿ. ದಾಟಲೇಬೇಕಾದ ಕಡೆ ಪ್ಲಸ್ ಗುರುತಿನಂತೆ ನೇರ ಅಡ್ಡಕ್ಕೆ ದಾಟಲಿ.

ಸ್ಪೀಕರ್ ತಂತಿಯಲ್ಲಿ ಆಗುವಷ್ಟು ಮೋಸ ಬೇರೆ ಯಾವುದರಲ್ಲೂ ಆಗುವುದಿಲ್ಲ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ತಂತಿಯನ್ನೇ ತಾಮ್ರವೆಂದು ಮಾರುತ್ತಾರೆ. ಹೊರಗಿನಿಂದ ಎರಡೂ ಒಂದೇ ಬಣ್ಣ. ಒಂದು ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ. ಅಷ್ಟೇ ದಪ್ಪದ ತಾಮ್ರಕ್ಕಿಂತ ಅದರ ರೋಧ, ಅಂದರೆ ಕರೆಂಟಿನ ಹರಿವಿಗೆ ಒಡ್ಡುವ ತಡೆ, ಸುಮಾರು ಒಂದೂವರೆ ಪಟ್ಟು. ಇದನ್ನು ಓಮ್‌ನಲ್ಲಿ ಅಳೆಯುತ್ತಾರೆ. 8 ಓಮ್ ಸ್ಪೀಕರಿಗೆ ಹೋಗಿಬರುವ ತಂತಿಯ ಒಟ್ಟು ರೋಧ 0.4 ಓಮ್ ಮೀರದಂತೆ ನೋಡಿಕೊಳ್ಳುವುದು ರೂಢಿ. ಹಾಗಾಗಿ ಅಪ್ಪಟ ತಾಮ್ರದ 1.5 ಚದರ ಮಿ.ಮೀ. ತಂತಿ 15 ಮೀಟರ್ ದೂರದವರೆಗೆ, 2.5 ಚದರ ಮಿ.ಮೀ. ತಂತಿ 25 ಮೀಟರ್‌ವರೆಗೆ ಸಾಕು. ದೂರ ಅಳೆಯುವಾಗ ನಕ್ಷೆಯಲ್ಲಿ ಕಾಣುವ ನೇರ ಗೆರೆಯನ್ನು ನಂಬಬೇಡಿ. ತಂತಿ ಗೋಡೆ ಹತ್ತಿ, ಚಾವಣಿ ಸುತ್ತಿ, ಮತ್ತೆ ಇಳಿಯುತ್ತದೆ.

ತಂತಿ ಸರಿಯಿದ್ದೂ ಕೆಡುವುದು ಆಂಪ್ಲಿಫೈಯರ್ ಬಳಿ. ನಾಲ್ಕು ಕೋಣೆಗಳ 8 ಓಮ್ ಸ್ಪೀಕರುಗಳನ್ನು ಒಂದೇ ಔಟ್‌ಪುಟ್‌ಗೆ ಪ್ಯಾರಲಲ್ ಆಗಿ (ಎಲ್ಲದರ ಪ್ಲಸ್ ಒಟ್ಟಿಗೆ, ಮೈನಸ್ ಒಟ್ಟಿಗೆ) ಸೇರಿಸಿದರೆ ಒಟ್ಟು ರೋಧ 2 ಓಮ್‌ಗೆ ಇಳಿಯುತ್ತದೆ. ಆಂಪ್ಲಿಫೈಯರಿನ ಹಿಂಭಾಗದಲ್ಲಿ ಕನಿಷ್ಠ 4 ಓಮ್ ಎಂದು ಬರೆದಿದ್ದರೆ ಅದು ಈ ಹೊರೆ ತಾಳದು. ಮೆಲ್ಲಗೆ ಹಾಡುವಾಗ ಏನೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಸಮಾರಂಭ ನಡೆಯುವ ದಿನ ವಾಲ್ಯೂಮ್ ಏರಿಸುತ್ತಿದ್ದಂತೆ ಬಿಸಿಯೇರಿ ಟಪ್ಪೆಂದು ಬಂದ್ ಆಗುತ್ತದೆ. ಸರಿಯಾದ ದಾರಿ, ಪ್ರತಿ ಕೋಣೆಗೂ ತನ್ನದೇ ಎರಡು ಚಾನೆಲ್ (ಎಡ ಮತ್ತು ಬಲ ಸದ್ದಿನ ದಾರಿ) ಇರುವ ಬಹುಚಾನೆಲ್ ಆಂಪ್ಲಿಫೈಯರ್. ಹಿನ್ನೆಲೆ ಸಂಗೀತವಷ್ಟೇ ಸಾಕೆನ್ನುವವರು, ದೂರದ ವರಾಂಡ, ತೋಟಗಳಿಗೂ ಸದ್ದು ಬೇಕೆನ್ನುವವರು 100 ವೋಲ್ಟ್ ಲೈನ್ ಪದ್ಧತಿ ಹಿಡಿಯಬಹುದು. ಅದರಲ್ಲಿ ಪ್ರತಿ ಸ್ಪೀಕರಿಗೂ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಎಲ್ಲ ಸ್ಪೀಕರುಗಳ ವ್ಯಾಟ್ ಟ್ಯಾಪ್ (ಪ್ರತಿಯೊಂದಕ್ಕೂ ಆಯ್ದುಕೊಂಡ ವ್ಯಾಟ್) ಕೂಡಿಸಿದರೆ ಆಂಪ್ಲಿಫೈಯರ್ ಶಕ್ತಿಯ ಶೇ 80 ದಾಟಬಾರದು. 10 ವ್ಯಾಟ್‌ನ ಆರು ಸ್ಪೀಕರುಗಳಿಗೆ 80 ವ್ಯಾಟ್ ಆಂಪ್ಲಿಫೈಯರ್. ಕುಳಿತು ತಲ್ಲೀನರಾಗಿ ಕೇಳುವ ಕೋಣೆಗೆ ಮಾತ್ರ ಇದು ಬೇಡ. ಸಣ್ಣ ಟ್ರಾನ್ಸ್‌ಫಾರ್ಮರುಗಳಲ್ಲಿ ಮಂದ್ರದ ಸ್ವರಗಳು ಸೊರಗುತ್ತವೆ.

ವಿಡಿಯೊಗೆ ಬಂದರೆ, ಸಾಮಾನ್ಯ ತಾಮ್ರದ ಎಚ್‌ಡಿಎಂಐ ತಂತಿಯನ್ನು 4ಕೆ ಎಂಬ ಅತಿ ಸ್ಪಷ್ಟ ಚಿತ್ರಕ್ಕೆ ಐದು ಮೀಟರ್ ಒಳಗೇ ನಂಬಬೇಕು. ಉದ್ದ ಹೆಚ್ಚಿದಂತೆ ಪರದೆಯ ಮೇಲೆ ಬಿಳಿ ಚುಕ್ಕಿಗಳು ಮಿನುಗುತ್ತವೆ, ಚಿತ್ರ ಎರಡು ಸೆಕೆಂಡು ಕಪ್ಪಾಗಿ ಮರಳಿ ಬರುತ್ತದೆ. ದೂಷಣೆ ಬೀಳುವುದು ಟಿವಿಯ ಮೇಲೆ. ಅದಕ್ಕಿಂತ ದೂರಕ್ಕೆ ಬೆಳಕಿನ ಮೂಲಕ ಸಿಗ್ನಲ್ ಒಯ್ಯುವ ಆಪ್ಟಿಕಲ್ ಎಚ್‌ಡಿಎಂಐ ಇದೆ. ಅದಕ್ಕೆ ದಿಕ್ಕುಂಟು, ಟಿವಿ ಕಡೆಯ ತುದಿ ಬೇರೆ, ಪೆಟ್ಟಿಗೆ ಕಡೆಯ ತುದಿ ಬೇರೆ. ತಿರುಗುಮುರುಗಾಗಿ ಎಳೆದರೆ ಚಿತ್ರವೇ ಬರುವುದಿಲ್ಲ, ಮತ್ತೆ ಹೊರತೆಗೆದು ಎಳೆಯಬೇಕು. ಇನ್ನೊಂದು ದಾರಿ, ಎಚ್‌ಡಿಎಂಐ ಚಿತ್ರವನ್ನು ಕ್ಯಾಟ್ ತಂತಿಯಲ್ಲಿ ದೂರಕ್ಕೆ ಒಯ್ಯುವ ಎಚ್‌ಡಿಬೇಸ್‌ಟಿ ಎಕ್ಸ್‌ಟೆಂಡರ್. ಇದಕ್ಕೆ ಬಳಸುವ ಕ್ಯಾಟ್ 6ಎ ತಂತಿ ಟಿವಿಯಿಂದ ರ‍್ಯಾಕ್‌ವರೆಗೆ ಒಂದೇ ತುಂಡಾಗಿರಬೇಕು. ತಂತಿ ನೆಟ್‌ವರ್ಕ್ ತಂತಿಯಂತೆಯೇ ಕಾಣುವುದರಿಂದ ಹಲವರು ಅದನ್ನು ನೆಟ್‌ವರ್ಕ್ ಸ್ವಿಚ್ಚಿಗೆ ಚುಚ್ಚುತ್ತಾರೆ. ಅಲ್ಲಿ ಅದು ಕೆಲಸ ಮಾಡದು. ಆದ್ದರಿಂದ ಪ್ರತಿ ಟಿವಿ ಪಾಯಿಂಟಿಗೆ ಎರಡು ಕ್ಯಾಟ್ 6ಎ ಎಳೆಯಿರಿ, ಒಂದು ಚಿತ್ರಕ್ಕೆ, ಇನ್ನೊಂದು ಇಂಟರ್‌ನೆಟ್‌ಗೆ.

ಒಂದೇ ಪೆಟ್ಟಿಗೆಯ ಚಿತ್ರವನ್ನು ಮೂರ್ನಾಲ್ಕು ಟಿವಿಗಳಿಗೆ ಹಂಚುವಾಗ ಮನೆಯಲ್ಲಿ ಹಳೆಯ ಟಿವಿಯೊಂದಿದ್ದರೆ ಎಲ್ಲ ಟಿವಿಗಳೂ ಅದರ ಮಟ್ಟಕ್ಕೇ ಇಳಿಯುವುದುಂಟು. ಟಿವಿ ತನಗೇನು ತೋರಿಸಲು ಬರುತ್ತದೆಂದು ಪೆಟ್ಟಿಗೆಗೆ ತಿಳಿಸುತ್ತದೆ, ಹಂಚುವ ಉಪಕರಣ ಎಲ್ಲರಿಗೂ ಸರಿಹೋಗುವುದನ್ನು ಆರಿಸುತ್ತದೆ. ಪ್ರತಿ ಔಟ್‌ಪುಟ್‌ನಲ್ಲೂ ಚಿತ್ರದ ಗಾತ್ರ ಇಳಿಸಬಲ್ಲ, ಮ್ಯಾಟ್ರಿಕ್ಸ್ ಎಂಬ ಹಂಚುವ ಉಪಕರಣ ಕೊಂಡರೆ ಈ ತೊಂದರೆ ಇಲ್ಲ. ಒಂದು ಉಪಕರಣ ಇನ್ನೊಂದನ್ನು ಚಾಲೂ, ಬಂದ್ ಮಾಡಲು ಬಿಡುವ ಸಿಇಸಿ ಎಂಬ ಸೌಲಭ್ಯವನ್ನೂ ಎಲ್ಲ ಟಿವಿಗಳಲ್ಲಿ ಬಂದ್ ಮಾಡಿ. ಇಲ್ಲವಾದರೆ ಒಂದು ಕೋಣೆಯಲ್ಲಿ ಟಿವಿ ಬಂದ್ ಮಾಡಿದಾಗ ಇನ್ನೊಂದು ಕೋಣೆಯವರು ನೋಡುತ್ತಿದ್ದ ಪೆಟ್ಟಿಗೆಯೂ ಆರಿಹೋಗಬಹುದು.

ವೈರ್‌ಲೆಸ್ ಸ್ಪೀಕರುಗಳಿರುವಾಗ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ ಸಹಜ. ಬಾಡಿಗೆ ಮನೆಗೆ ಅವೇ ಸರಿ. ಆದರೆ ಹಾಲ್‌ನಲ್ಲಿ ತಂತಿಯ ಸ್ಪೀಕರ್, ಪಕ್ಕದ ಅಡುಗೆಮನೆಯಲ್ಲಿ ಬ್ಲೂಟೂತ್ ಸ್ಪೀಕರ್ ಇಟ್ಟು ಒಂದೇ ಹಾಡು ಹಾಕಿದರೆ ಬಾಗಿಲಲ್ಲಿ ನಿಂತವರಿಗೆ ಪ್ರತಿ ಪದವೂ ಎರಡೆರಡು ಸಲ ಕೇಳುತ್ತದೆ. ಬ್ಲೂಟೂತ್‌ನಲ್ಲಿ ಸದ್ದು 0.1ರಿಂದ 0.2 ಸೆಕೆಂಡು ತಡವಾಗುವುದು ಸಾಮಾನ್ಯ, ನಮ್ಮ ಕಿವಿ ಅದನ್ನು ಪ್ರತಿಧ್ವನಿ ಎಂದೇ ಗ್ರಹಿಸುತ್ತದೆ. ಒಂದರ ಸದ್ದು ಇನ್ನೊಂದರಲ್ಲಿ ಕೇಳುವಂತಹ ಕೋಣೆಗಳಿಗೆ ಒಂದೇ ಪದ್ಧತಿಯ ಸ್ಪೀಕರುಗಳೇ ಇರಲಿ.

ಗುಂಯ್ ಎಂಬ ಹಮ್ ಬಂದರೆ ಕೆಲವರು ಆಂಪ್ಲಿಫೈಯರ್ ಪ್ಲಗ್ಗಿನ ಅರ್ಥಿಂಗ್ ಪಿನ್ ಕಿತ್ತುಹಾಕಲು ಹೇಳುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಅದು ಜೀವಕ್ಕೇ ಅಪಾಯ. ಉಪಕರಣಗಳು ಬೇರೆಬೇರೆ ಕಡೆ ಅರ್ಥ್ ಆದಾಗ, ಇಲ್ಲವೇ ಕೇಬಲ್ ಟಿವಿ ತಂತಿಯ ಹೊರಕವಚದ ಮೂಲಕ ಇನ್ನೊಂದು ಅರ್ಥ್ ಒಳಬಂದಾಗ ಈ ಸದ್ದು ಹುಟ್ಟುತ್ತದೆ. ಮೊದಲು ಕೇಬಲ್ ತಂತಿ ಕಳಚಿ ನೋಡಿ. ಹಮ್ ನಿಂತರೆ ಅಲ್ಲಿಗೊಂದು ಐಸೊಲೇಟರ್ (ಆ ಅರ್ಥ್ ಸಂಪರ್ಕ ತಡೆಯುವ ಸಾಧನ) ಹಾಕಿದರಾಯಿತು. ನಿಲ್ಲದಿದ್ದರೆ ಎಲ್ಲ ಉಪಕರಣಗಳನ್ನೂ ಒಂದೇ ಸರ್ಕ್ಯೂಟಿಗೆ ತನ್ನಿ.

ತಂತಿ ಎಳೆದ ಮೇಲೆ, ಗಾರೆಗೆ ಮೊದಲು ಒಂದು ದಿನ ಪರೀಕ್ಷೆಗೇ ಮೀಸಲಿಡಿ. ಎರಡೂ ತುದಿಗೆ ಒಂದೇ ಸಂಖ್ಯೆಯ ಲೇಬಲ್ ಅಂಟಿಸಿ, ಮಲ್ಟಿಮೀಟರ್ ಹಿಡಿದು ತುಂಡಾಗಿಲ್ಲ, ಒಂದಕ್ಕೊಂದು ತಾಗಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಗೋಡೆಯ ಫೋಟೊ ತೆಗೆಯಿರಿ, ಪಕ್ಕದಲ್ಲೊಂದು ಟೇಪು ಹಿಡಿದು. ಸ್ಪೀಕರ್ ಕೂರಿಸಿದ ಮೇಲೆ, ಆಂಪ್ಲಿಫೈಯರಿಗೆ ಜೋಡಿಸುವ ಮೊದಲು, ರ‍್ಯಾಕ್ ಕಡೆಯ ತುದಿಗೆ 1.5 ವೋಲ್ಟಿನ ಬ್ಯಾಟರಿಯನ್ನು ಒಂದು ಕ್ಷಣ ಮುಟ್ಟಿಸಿ, ಪ್ಲಸ್ಸಿಗೆ ಪ್ಲಸ್. ಟಕ್ ಎಂಬ ಸದ್ದಿನೊಂದಿಗೆ ಸ್ಪೀಕರಿನ ಕೋನ್ (ಅದುರಿ ಸದ್ದು ಹೊರಡಿಸುವ ಭಾಗ) ಹೊರಕ್ಕೆ ನೆಗೆದರೆ ಜೋಡಣೆ ಸರಿ, ಒಳಕ್ಕೆ ಹೋದರೆ ಎಲ್ಲೋ ತಿರುವುಮುರುವಾಗಿದೆ. ಎರಡರಲ್ಲಿ ಒಂದು ಸ್ಪೀಕರ್ ಹೀಗೆ ತಿರುವಾದರೆ ತಬಲಾ ಜೋಡಿಯ ಎಡಗೈ ವಾದ್ಯದ ಗುಮ್ಮೆನ್ನುವ ನಾದ ಮಾಯವಾಗುತ್ತದೆ, ಸ್ಪೀಕರ್ ಎಷ್ಟೇ ದುಬಾರಿಯದಾದರೂ.

ಪತ್ರಿಕೆಯಲ್ಲಿ ಮನೆಯ ನಕ್ಷೆಗಳನ್ನು ಪ್ರಕಟಿಸುವಾಗ ದೀಪ, ಫ್ಯಾನು, ನೀರಿನ ಪೈಪುಗಳ ಜೊತೆಗೆ ಟಿವಿ, ಸ್ಪೀಕರ್, ನೆಟ್‌ವರ್ಕ್ ಪಾಯಿಂಟುಗಳನ್ನೂ ರ‍್ಯಾಕ್ ಇಡುವ ಜಾಗವನ್ನೂ ಗುರುತಿಸಿ ತೋರಿಸಬೇಕೆಂದು ತಮ್ಮಲ್ಲಿ ವಿನಂತಿ. ಕಟ್ಟಿಸುವವರು ಆ ಹಾಳೆಯನ್ನೇ ಎಲೆಕ್ಟ್ರಿಷಿಯನ್ ಕೈಗೆ ಕೊಡಬಹುದು.

ಇಂತಿ,
ಆಡಿಯೊ-ವಿಡಿಯೊ ಅಳವಡಿಕೆ ತಂತ್ರಜ್ಞ