ಹೊಸ ಆಯಿಲ್ ಎಲ್ಲಾ ಹಳೇ ಎಂಜಿನ್‌ಗೂ ಆಗಿಬರಲ್ಲ

ಸಂಪಾದಕರೇ,

ಕಳೆದ ವಾರ ನಿಮ್ಮ ವಾಹನ ಪುಟದಲ್ಲಿ ಬಂದ ಬರಹ ಓದಿದೆ. ಡಬ್ಬದ ಮೇಲೆ ಈಚಿನ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗುಣಮಟ್ಟದ ಗುರುತಿದ್ದರೆ ಸಾಕು, ಆ ಆಯಿಲನ್ನು ಯಾವ ಕಾರಿಗಾದರೂ ಕಣ್ಣು ಮುಚ್ಚಿ ಹಾಕಬಹುದು ಅಂತ ಅದರಲ್ಲಿದೆ. ಗ್ರೇಡ್, ಅಂದರೆ ಆಯಿಲ್ ಎಷ್ಟು ತೆಳು ಎಷ್ಟು ಮಂದ ಅನ್ನುವ ಅಳತೆ, ಸರಿ ಇದ್ದರೆ ಹೊಸ ಕಾರಿಗೆ ಆ ಮಾತು ನಡೆಯುತ್ತದೆ. ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಅದನ್ನೇ ನಂಬಿದರೆ ಎಂಜಿನ್ ಬಿಚ್ಚಿಸುವ ಸ್ಥಿತಿ ಬರುತ್ತದೆ. ನನಗೆ ಬಂದಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು 70ರ ದಶಕದ ಕಾರು. ಅದರಲ್ಲಿ ವಾಲ್ವ್ ತೆರೆಸುವ ಉಬ್ಬುಗಳಿರುವ ಕ್ಯಾಮ್ ಶಾಫ್ಟ್ ಮೇಲೆ, ಆ ಉಬ್ಬಿನ ತಳ್ಳುವಿಕೆಯನ್ನು ವಾಲ್ವಿಗೆ ಮುಟ್ಟಿಸುವ ಟ್ಯಾಪೆಟ್ ಉರುಳುವುದಿಲ್ಲ, ನೇರವಾಗಿ ಉಜ್ಜಿಕೊಂಡು ಜಾರುತ್ತದೆ. ಒಂದು ಗ್ಯಾರೇಜಿನಲ್ಲಿ 'ಇದೇ ಈಗಿನ ಒಳ್ಳೇ ಆಯಿಲ್' ಅಂತ ತೆಳ್ಳಗಿನ 5ಡಬ್ಲ್ಯು-30 ಹಾಕಿಕೊಟ್ಟರು. ಸ್ವಲ್ಪ ಕಾಲ ಆದ ಮೇಲೆ ಟಕ್ ಟಕ್ ಸದ್ದು ಶುರುವಾಯಿತು. ಬಿಚ್ಚಿ ನೋಡಿದರೆ ಕ್ಯಾಮ್‌ನ ಎರಡು ಉಬ್ಬು ಸವೆದು ದುಂಡಗಾಗಿದ್ದವು. ಆಯಿಲ್ ಒಂದೇ ಕಾರಣ ಅಂತ ಪ್ರಮಾಣ ಮಾಡಿ ಹೇಳಲಾರೆ, ಆದರೆ ಆಮೇಲೆ ಓದಿ ತಿಳಿದುಕೊಂಡಿದ್ದೆಲ್ಲ ಅದರ ಕಡೆಗೇ ಬೆರಳು ಮಾಡುತ್ತದೆ.

ವಿಷಯ ಇಷ್ಟು. ಟ್ಯಾಪೆಟ್ ಮತ್ತು ಕ್ಯಾಮ್ ಒಂದಕ್ಕೊಂದು ತಾಗುವ ಜಾಗ ಒಂದು ಗೆರೆಯಷ್ಟು ಸಣ್ಣದು, ವಾಲ್ವ್ ಸ್ಪ್ರಿಂಗಿನ ಒತ್ತಡವೆಲ್ಲ ಆ ಗೆರೆಯ ಮೇಲೇ ಬೀಳುತ್ತದೆ, ಸ್ಪೋರ್ಟ್ಸ್ ಕಾರಿನಲ್ಲಿ ಸ್ಪ್ರಿಂಗ್ ಇನ್ನೂ ಬಿಗಿ. ಅಲ್ಲಿ ಆಯಿಲ್ ಪದರ ಹಿಂಡಿಹೋದರೂ ಲೋಹಕ್ಕೆ ಲೋಹ ಉಜ್ಜದ ಹಾಗೆ ಕಾಯುವುದು ಜಿಂಕ್ ಮತ್ತು ಫಾಸ್ಫರಸ್ ಇರುವ ಒಂದು ಸೇರ್ಪಡೆ, ಹೆಸರು ಜೆಡ್‌ಡಿಡಿಪಿ. ತೊಂದರೆ ಏನೆಂದರೆ ಆಯಿಲಿನ ಜೊತೆ ಉರಿದ ಫಾಸ್ಫರಸ್ ಹೊಗೆ ಕೊಳವೆಯಲ್ಲಿದ್ದು ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ. ಅದಕ್ಕೇ 2004ರಲ್ಲಿ ಬಂದ ಎಪಿಐ ಎಸ್‌ಎಂ ಗುರುತಿನಿಂದ ಈಚೆಗೆ 5ಡಬ್ಲ್ಯು-30, 10ಡಬ್ಲ್ಯು-30 ತರಹದ ತೆಳು ಗ್ರೇಡುಗಳಲ್ಲಿ ಫಾಸ್ಫರಸ್ ಹತ್ತು ಲಕ್ಷಕ್ಕೆ 800 ಭಾಗ ಮೀರುವಂತಿಲ್ಲ. ಹೊಸ ಎಂಜಿನ್‌ಗೆ ಅಷ್ಟು ಸಾಕು. ಜಾರುವ ಟ್ಯಾಪೆಟ್ ಇರುವ ಹಳೇ ಎಂಜಿನ್‌ಗೆ 1000ದಿಂದ 1200 ಇರಲಿ ಅಂತ ಅದನ್ನು ಕಟ್ಟುವವರು ಹೇಳುತ್ತಾರೆ. 20ಡಬ್ಲ್ಯು-50 ತರಹದ ದಪ್ಪ ಗ್ರೇಡಿಗೆ ಆ ಮಿತಿ ಇಲ್ಲ, ಆದರೂ ಅದರಲ್ಲಿ ಎಷ್ಟಿದೆ ಅಂತ ತಯಾರಕರ ಮಾಹಿತಿ ಹಾಳೆಯಲ್ಲಿ ನೋಡಿಕೊಂಡೇ ತಗೊಳ್ಳಿ. ಕಡಿಮೆ ಇದೆ ಅಂತ ಬೇರೆ ಸೀಸೆಯಿಂದ ಜಿಂಕ್ ಸುರಿಯಬೇಡಿ. ತಯಾರಕರು ಅಳೆದು ಕೂಡಿಸಿದ ಮಿಶ್ರಣ ಅದು, ಜಾಸ್ತಿ ಆದರೂ ಸವೆತ ಬರುತ್ತದೆ.

ಇನ್ನು ಗ್ರೇಡ್. ಡಬ್ಲ್ಯು ಮುಂಚಿನ ಸಂಖ್ಯೆ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ, ನಂತರದ್ದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ಮಂದ ಇರುತ್ತದೆ ಅನ್ನುವುದಕ್ಕೆ. ಹಾಗಂತ ದಪ್ಪ ಇದ್ದಷ್ಟೂ ಒಳ್ಳೇದು ಅಂತಲ್ಲ. ಆಯಿಲ್ ಒತ್ತಡ ತೋರಿಸುವ ಗೇಜಿನ ಮುಳ್ಳು ಮೇಲೆ ಹೋದದ್ದು ನೋಡಿ ಎಷ್ಟೋ ಜನ ಖುಷಿಪಡುತ್ತಾರೆ, ಆದರೆ ಮಂದ ಆಯಿಲ್ ಹರಿಯದೆ ಅಡ್ಡ ನಿಂತರೂ ಮುಳ್ಳು ಏರುತ್ತದೆ ಅಲ್ವಾ? ಬೇರಿಂಗಿಗೆ ಬೇಕಾದದ್ದು ಹರಿವು. ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು ಎಂಜಿಬಿಗೆ 20ಡಬ್ಲ್ಯು-50 ಹೊಂದುತ್ತದೆ. 2000ದ ಆಸುಪಾಸಿನ ಬಿಎಂಡಬ್ಲ್ಯು ಎಂ3ಗೆ ಕಂಪನಿಯೇ 10ಡಬ್ಲ್ಯು-60 ಹೇಳಿದೆ. ಇವೆರಡನ್ನೂ 'ಹಳೇ ಸ್ಪೋರ್ಟ್ಸ್ ಕಾರು' ಅಂತ ಒಂದೇ ಡಬ್ಬದಿಂದ ತುಂಬಿಸಲಾಗದು. ಕಾರಿನ ಕೈಪಿಡಿ ಮೊದಲು ತೆಗೆಯಿರಿ.

ಸಿಂಥೆಟಿಕ್ ಹಾಕಿದರೆ ಹಳೇ ಕಾರು ಸೋರುತ್ತದೆ ಅನ್ನುವ ಭಯವೂ ಬಹಳ ಜನಕ್ಕಿದೆ. ಸೀಲ್ ಚೆನ್ನಾಗಿದ್ದರೆ ಏನೂ ಆಗಲ್ಲ. ಸೀಲ್ ಮೊದಲೇ ಒಡೆದಿದ್ದು, ಕೊಳೆ ಕಟ್ಟಿಕೊಂಡು ತೂತು ಮುಚ್ಚಿದ್ದರೆ ಆ ಕೊಳೆ ತೊಳೆದುಹೋಗಿ ಸೋರಬಹುದು, ಅಷ್ಟೇ.

ಒಂದು ಮಾತು ಮಾತ್ರ ಬಿಡುವ ಹಾಗಿಲ್ಲ. ಇಂಥ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಎಂಜಿನ್ ಪೂರ್ತಿ ಬಿಸಿಯಾಗದೆ ಸುಮ್ನೆ ಐದು ನಿಮಿಷ ಓಡಿಸಿ ನಿಲ್ಲಿಸಿದರೆ ಆಯಿಲಿನಲ್ಲಿ ನೀರು, ಪೆಟ್ರೋಲು ಸೇರಿಕೊಂಡು ಆಮ್ಲವಾಗುತ್ತದೆ. ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು.

ದಯವಿಟ್ಟು ಮುಂದಿನ ವಾರ ಆ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ. ಜಾರುವ ಟ್ಯಾಪೆಟ್ ಇರುವ ಎಂಜಿನ್‌ಗೆ ಈಚಿನ ಗುರುತಿನ ತೆಳು ಆಯಿಲ್ ಹಾಕುವ ಮುಂಚೆ ಅದರ ಜಿಂಕ್, ಫಾಸ್ಫರಸ್ ಪ್ರಮಾಣ ನೋಡಿ ಅಂತ ಎರಡು ಸಾಲು ಸಾಕು.

ಇಂತಿ,
ನಿಮ್ಮ ಓದುಗ